ಚಿಪ್ ವಿನ್ಯಾಸಗಳ ಪರಿಶೀಲನೆಗೆ ಬಳಸುವ ಮುಕ್ತ ಗಣಕ ಭಾಷೆಗಳು: ಸಾರ್ವಜನಿಕರ ಮಾಹಿತಿಗಾಗಿ

ಪೀಠಿಕೆ

ಬೆಂಗಳೂರು ಉತ್ತರ ಭಾಗದ ಯಲಹಂಕ, ಹೆಬ್ಬಾಳ, ಯಶವಂತಪುರ ಹಾಗೂ ಆರ್.ಟಿ. ನಗರ ಪ್ರದೇಶಗಳ ಇಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ವಿದ್ಯಾರ್ಥಿಗಳು, ಅವರ ಪೋಷಕರು ಹಾಗೂ ಸಣ್ಣ ವಿನ್ಯಾಸ ಘಟಕಗಳನ್ನು ಆರಂಭಿಸಲು ಇಚ್ಛಿಸುವವರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಚಿಪ್ ವಿನ್ಯಾಸ ಕ್ಷೇತ್ರದಲ್ಲಿ ಉದ್ಯೋಗ ದೊರಕಬೇಕಾದರೆ ದುಬಾರಿ ತಂತ್ರಾಂಶವಿರುವ ಖಾಸಗಿ ತರಬೇತಿ ಕೇಂದ್ರಕ್ಕೆ ಸೇರುವುದೊಂದೇ ಮಾರ್ಗವೆಂಬ ಭಾವನೆ ಅನೇಕರಲ್ಲಿದೆ. ಸಾಲ ಮಾಡಿ ಶುಲ್ಕ ಕಟ್ಟುವ ಕುಟುಂಬಗಳೂ ಉಂಟು. ಈ ಕಲಿಕೆಯ ಗಣನೀಯ ಭಾಗವನ್ನು ಸಾಮಾನ್ಯ ಗಣಕಯಂತ್ರವೊಂದರಲ್ಲಿ, ಯಾವುದೇ ಪರವಾನಗಿ ಶುಲ್ಕವಿಲ್ಲದೆ ಪೂರೈಸಿಕೊಳ್ಳಬಹುದಾಗಿದೆ. ಯಾವ ಭಾಗವನ್ನು ಹಾಗೆ ಪೂರೈಸಬಹುದು, ಯಾವುದನ್ನು ಸಾಧ್ಯವಿಲ್ಲ ಎಂಬುದನ್ನು ಮುಂದೆ ವಿವರಿಸಲಾಗಿದೆ.

ಪರಿಶೀಲನೆ ಎಂದರೇನು

ಚಿಪ್ ಸಿದ್ಧಗೊಂಡು ಕೈಗೆ ಬಂದ ನಂತರ ಅದರ ತಂತಿ, ತುದಿಗಳು ಸರಿಯಾಗಿವೆಯೇ ಎಂದು ನೋಡುವುದು ಟೆಸ್ಟಿಂಗ್. ಚಿಪ್ ಇನ್ನೂ ಕಾಗದದ ಮೇಲೆ, ಅಂದರೆ ಗಣಕಯಂತ್ರದ ಕಡತದಲ್ಲಿ ಇರುವಾಗಲೇ ಅದರ ತರ್ಕ ಸರಿಯಿದೆಯೇ ಎಂದು ನೋಡುವುದು ವೆರಿಫಿಕೇಶನ್. ಈ ಲೇಖನದಲ್ಲಿ ‘ಪರಿಶೀಲನೆ’ ಎಂಬ ಪದವನ್ನು ಎರಡನೆಯ ಅರ್ಥದಲ್ಲಿ ಮಾತ್ರ ಬಳಸಲಾಗಿದೆ.

ತಂತ್ರಾಂಶದಲ್ಲಿ ದೋಷ ಕಂಡುಬಂದರೆ ಮರುದಿನವೇ ತಿದ್ದುಪಡಿಯನ್ನು ಕಳುಹಿಸಬಹುದು. ಸಿಲಿಕಾನ್‌ನಲ್ಲಿ ಅಚ್ಚಾದ ದೋಷಕ್ಕೆ ಅಂತಹ ಅವಕಾಶವಿಲ್ಲ. ಮಾಸ್ಕ್‌ಗಳನ್ನು ಹೊಸದಾಗಿ ಮಾಡಿಸಬೇಕು. ಆಧುನಿಕ ಚಿಪ್‌ಗಳಲ್ಲಿ ಇದಕ್ಕೆ ಹಲವು ಕೋಟಿ ರೂಪಾಯಿಗಳ ವೆಚ್ಚ ಮತ್ತು ಹಲವು ತಿಂಗಳ ವಿಳಂಬವಾಗುತ್ತದೆ. 1994ರಲ್ಲಿ ಇಂಟೆಲ್ ಸಂಸ್ಥೆಯ ಪೆಂಟಿಯಂ ಚಿಪ್‌ನಲ್ಲಿ ಕಂಡುಬಂದ ಭಾಗಾಕಾರದ ದೋಷವು ಇದಕ್ಕೆ ಪ್ರಸಿದ್ಧ ನಿದರ್ಶನ. ಭಾಗಾಕಾರಕ್ಕೆಂದು ಚಿಪ್‌ನೊಳಗೆ ಇರಿಸಿದ್ದ ಕೋಷ್ಟಕದ ಕೆಲವು ಮನೆಗಳು ಖಾಲಿ ಉಳಿದಿದ್ದವು. 4195835 ಅನ್ನು 3145727ರಿಂದ ಭಾಗಿಸಿದಾಗ 1.33382 ಬರಬೇಕಾದಲ್ಲಿ 1.33374 ಬರುತ್ತಿತ್ತು. ಈ ತಪ್ಪು 900 ಕೋಟಿ ಭಾಗಾಕಾರಗಳಲ್ಲಿ ಒಮ್ಮೆ ಮಾತ್ರ ಸಂಭವಿಸಬಹುದೆಂದು ಸಂಸ್ಥೆಯು ಅಂದಾಜು ಮಾಡಿತ್ತು. ಹಾಗಿದ್ದರೂ ಚಿಪ್‌ಗಳನ್ನು ಬದಲಾಯಿಸಿಕೊಡಬೇಕಾಗಿ ಬಂದು 47.5 ಕೋಟಿ ಡಾಲರ್ ನಷ್ಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಾಯಿತು.

ಎಲ್ಲಾ ಅಂಕಿಗಳನ್ನೂ ಕೊಟ್ಟು ಪರೀಕ್ಷಿಸಬಹುದಲ್ಲವೇ ಎಂಬ ಪ್ರಶ್ನೆ ಸಹಜ. 8 ಬಿಟ್‌ಗಳ ಎರಡು ಸಂಖ್ಯೆಗಳನ್ನು ಕೂಡುವ ಸಣ್ಣ ಮಂಡಲಕ್ಕೆ 65,536 ಜೋಡಿಗಳಿದ್ದು, ಇವೆಲ್ಲವನ್ನೂ ಕ್ಷಣಮಾತ್ರದಲ್ಲಿ ನೋಡಿ ಮುಗಿಸಬಹುದು. ಅದೇ ಮಂಡಲವು 32 ಬಿಟ್‌ಗಳದ್ದಾದರೆ, ಸೆಕೆಂಡಿಗೆ ಒಂದು ಕೋಟಿ ಜೋಡಿಗಳಂತೆ ನೋಡುತ್ತಾ ಹೋದರೂ 58 ಸಾವಿರಕ್ಕೂ ಹೆಚ್ಚು ವರ್ಷಗಳು ಬೇಕು. ಆದ್ದರಿಂದ ಲೆಕ್ಕ ತಪಾಸಣೆಯಲ್ಲಿ ಎಲ್ಲಾ ವೋಚರ್‌ಗಳನ್ನು ನೋಡಲಾಗದೆ ಆಯ್ದ ವೋಚರ್‌ಗಳನ್ನು ನೋಡುವಂತೆ ಇಲ್ಲಿಯೂ ಆಯ್ಕೆ ಅನಿವಾರ್ಯ. ಆಯ್ಕೆಯನ್ನು ಹೇಗೆ ಮಾಡಬೇಕು, ಏನನ್ನು ನೋಡಿಯಾಯಿತು, ಏನು ಬಾಕಿಯಿದೆ ಎಂಬುದನ್ನು ಬರೆದಿಡಲೆಂದೇ ಪ್ರತ್ಯೇಕ ಭಾಷೆಗಳು ರೂಪುಗೊಂಡವು.

ಪರಿಶೀಲನೆಯ ಇನ್ನೊಂದು ತತ್ವವೂ ಲೆಕ್ಕಪತ್ರ ಬಲ್ಲವರಿಗೆ ಪರಿಚಿತವಾದುದೇ. ನಗದು ಪುಸ್ತಕವನ್ನು ಬ್ಯಾಂಕಿನ ಪಾಸ್ ಪುಸ್ತಕದೊಡನೆ ತಾಳೆ ನೋಡುವಂತೆ, ವಿನ್ಯಾಸವು ಕೊಡುವ ಉತ್ತರವನ್ನು ಬೇರೊಬ್ಬರು ಸ್ವತಂತ್ರವಾಗಿ ಬರೆದ ಮಾದರಿಯ ಉತ್ತರದೊಡನೆ ಪ್ರತಿ ಹೆಜ್ಜೆಯಲ್ಲಿಯೂ ತಾಳೆ ನೋಡಲಾಗುತ್ತದೆ. ಎರಡೂ ಪುಸ್ತಕಗಳನ್ನು ಒಬ್ಬರೇ ಬರೆದರೆ ತಾಳೆಗೆ ಅರ್ಥವಿರುವುದಿಲ್ಲ. ಈ ಕಾರಣದಿಂದ ವಿನ್ಯಾಸಕಾರರು ಬೇರೆ, ಪರಿಶೀಲಕರು ಬೇರೆ ಎಂಬ ಪದ್ಧತಿ ಉದ್ಯಮದಲ್ಲಿ ನೆಲೆನಿಂತಿದ್ದು, ಪರಿಶೀಲಕರ ಹುದ್ದೆಗಳೂ ಅಷ್ಟೇ ದೊಡ್ಡ ಸಂಖ್ಯೆಯಲ್ಲಿ ಸೃಷ್ಟಿಯಾಗಿವೆ.

ಭಾಷೆಗಳ ಹಿನ್ನೆಲೆ

ಚಿಪ್‌ನ ತರ್ಕವನ್ನು ಬರೆಯುವ ವೆರಿಲಾಗ್ ಭಾಷೆಯು ಗೇಟ್‌ವೇ ಡಿಸೈನ್ ಆಟೊಮೇಶನ್ ಎಂಬ ಅಮೆರಿಕದ ಸಂಸ್ಥೆಯಲ್ಲಿ 1984ರ ಸುಮಾರಿಗೆ ಹುಟ್ಟಿತು. ಭಾರತ ಮೂಲದ ಪ್ರಭು ಗೋಯಲ್ ಅವರು ಸದರಿ ಸಂಸ್ಥೆಯ ಸ್ಥಾಪಕರು. ಭಾಷೆಯ ರಚನೆಯಲ್ಲಿ ಫಿಲ್ ಮೂರ್ಬಿ ಅವರ ಪಾತ್ರ ಮುಖ್ಯವಾದುದು. 1989ರಲ್ಲಿ ಕೇಡೆನ್ಸ್ ಸಂಸ್ಥೆಯು ಗೇಟ್‌ವೇಯನ್ನು ಖರೀದಿಸಿ, 1990ರಲ್ಲಿ ಭಾಷೆಯನ್ನು ಸಾರ್ವಜನಿಕಗೊಳಿಸಿತು. 1995ರಲ್ಲಿ ಅದು ಐ.ಇ.ಇ.ಇ. 1364 ಎಂಬ ಮಾನಕವಾಯಿತು.

ವೆರಿಲಾಗ್ ಭಾಷೆಯು ವಿನ್ಯಾಸಕ್ಕೆ ಸಾಕಾಗುತ್ತಿತ್ತು, ಪರಿಶೀಲನೆಗೆ ಸಾಲುತ್ತಿರಲಿಲ್ಲ. ಆದುದರಿಂದ 1990ರ ದಶಕದಲ್ಲಿ ವೆರಾ ಮತ್ತು ‘ಇ’ ಎಂಬ ಎರಡು ಭಾಷೆಗಳು ಬಳಕೆಗೆ ಬಂದವು. ಎರಡೂ ಖಾಸಗಿ ಸ್ವತ್ತುಗಳಾಗಿದ್ದವು. 2001ರಲ್ಲಿ ಸಿನಾಪ್ಸಿಸ್ ಸಂಸ್ಥೆಯು ವೆರಾ ಭಾಷೆಯನ್ನು ಓಪನ್‌ವೆರಾ ಎಂಬ ಹೆಸರಿನಲ್ಲಿ ಮುಕ್ತಗೊಳಿಸಿತು. ಆಕ್ಸೆಲೆರಾ ಎಂಬ ಮಾನಕ ಸಂಘಟನೆಯು ಇದರ ಅಂಶಗಳನ್ನು ವೆರಿಲಾಗ್‌ನೊಡನೆ ಬೆಸೆದು ಸಿಸ್ಟಂವೆರಿಲಾಗ್ ಭಾಷೆಯನ್ನು ರೂಪಿಸಿತು. ಇದು 2005ರಲ್ಲಿ ಐ.ಇ.ಇ.ಇ. 1800 ಮಾನಕವಾಗಿ ಪ್ರಕಟವಾಯಿತು. ಸಿ++ ಭಾಷೆಯನ್ನು ಆಧರಿಸಿದ ಸಿಸ್ಟಂಸಿ ಸಹ ಅದೇ ವರ್ಷ ಮಾನಕವಾಯಿತು. 2011ರಲ್ಲಿ ಯು.ವಿ.ಎಂ. ಎಂಬ ಪರಿಶೀಲನಾ ಗ್ರಂಥಾಲಯದ ಮೊದಲ ಆವೃತ್ತಿಯನ್ನು ಆಕ್ಸೆಲೆರಾ ಹೊರತಂದಿತು. ಇಂದು ಬೆಂಗಳೂರಿನ ಯಾವುದೇ ಚಿಪ್ ಸಂಸ್ಥೆಯ ಸಂದರ್ಶನದಲ್ಲಿ ಯು.ವಿ.ಎಂ. ಕುರಿತ ಪ್ರಶ್ನೆಗಳನ್ನು ನಿರೀಕ್ಷಿಸಬಹುದಾಗಿದೆ.

‘ಮುಕ್ತ’ ಎಂಬ ಪದದ ಅರ್ಥ

ಇಲ್ಲಿ ಗೊಂದಲಕ್ಕೆ ಹೆಚ್ಚಿನ ಅವಕಾಶವಿದೆ. ಪರಿಶೀಲನೆಗೆ ಮೂರು ಪದಾರ್ಥಗಳು ಬೇಕು: ಭಾಷೆ, ಆ ಭಾಷೆಯಲ್ಲಿ ಬರೆದ ಗ್ರಂಥಾಲಯ, ಹಾಗೂ ಅವೆರಡನ್ನೂ ಓದಿ ವಿನ್ಯಾಸವನ್ನು ಗಣಕಯಂತ್ರದಲ್ಲಿ ಓಡಿಸಿ ತೋರಿಸುವ ಸಿಮ್ಯುಲೇಟರ್. ಸಿಸ್ಟಂವೆರಿಲಾಗ್ ಭಾಷೆಯ ಮಾನಕವನ್ನು ಯಾರು ಬೇಕಾದರೂ ಉಚಿತವಾಗಿ ಪಡೆದು ಓದಬಹುದು. ಯು.ವಿ.ಎಂ. ಗ್ರಂಥಾಲಯವು ಅಪಾಚೆ ಪರವಾನಗಿಯಡಿ ಮುಕ್ತವಾಗಿ ಲಭ್ಯವಿದೆ. ಆದರೆ ಇವೆರಡನ್ನೂ ಪೂರ್ಣವಾಗಿ ಓಡಿಸಬಲ್ಲ ಸಿಮ್ಯುಲೇಟರ್‌ಗಳು ಬಹುಕಾಲ ಮೂರು ನಾಲ್ಕು ಸಂಸ್ಥೆಗಳ ವಾಣಿಜ್ಯ ತಂತ್ರಾಂಶಗಳಷ್ಟೇ ಆಗಿದ್ದವು. ಅವುಗಳ ಪರವಾನಗಿ ಶುಲ್ಕವು ಸಾಮಾನ್ಯ ಕಾಲೇಜಿನ ಪ್ರಯೋಗಾಲಯದ ಅನುದಾನಕ್ಕೆ ನಿಲುಕುವಂತಹುದಲ್ಲ. ಪುಸ್ತಕ ಉಚಿತ, ಗ್ರಂಥಾಲಯದ ಬಾಗಿಲಿನ ಬೀಗದ ಕೈಗೆ ಮಾತ್ರ ಬಾಡಿಗೆ ಎಂಬಂತಹ ಸ್ಥಿತಿ ಇದಾಗಿತ್ತು.

ಗೂಗಲ್ ಸಂಸ್ಥೆಯು 2019ರಲ್ಲಿ ಮುಕ್ತಗೊಳಿಸಿದ ರಿಸ್ಕ್‌ವಿ-ಡಿವಿ ಇದಕ್ಕೆ ಉತ್ತಮ ಉದಾಹರಣೆ. ರಿಸ್ಕ್-ಫೈವ್ ಮಾದರಿಯ ಪ್ರೊಸೆಸರ್‌ಗಳನ್ನು ಪರಿಶೀಲಿಸಲು ಯಾದೃಚ್ಛಿಕ ಆದೇಶಗಳ ಸರಣಿಯನ್ನು ತಯಾರಿಸಿಕೊಡುವ ಈ ತಂತ್ರಾಂಶವನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದಿತ್ತು. ಆದರೆ ಅದು ಸಿಸ್ಟಂವೆರಿಲಾಗ್ ಮತ್ತು ಯು.ವಿ.ಎಂ.ನಲ್ಲಿ ಬರೆದದ್ದಾದ್ದರಿಂದ ಓಡಿಸಲು ವಾಣಿಜ್ಯ ಸಿಮ್ಯುಲೇಟರ್ ಬೇಕಾಗಿತ್ತು. ಈ ತೊಡಕನ್ನು ನಿವಾರಿಸಲು ಅದಕ್ಕೆ ಪೈಥಾನ್ ಭಾಷೆಯ ರೂಪವನ್ನು ನಂತರ ಸೇರಿಸಲಾಯಿತು.

ಮೂರೂ ಪದಾರ್ಥಗಳು ಮುಕ್ತವಾಗಿರುವ ಮಾರ್ಗವು ಬೇರೆ ದಿಕ್ಕಿನಿಂದ ಬಂದಿತು. ಸ್ಟೀಫನ್ ವಿಲಿಯಮ್ಸ್ ಅವರು ಅಭಿವೃದ್ಧಿಪಡಿಸಿದ ಇಕಾರಸ್ ವೆರಿಲಾಗ್ ಒಂದು ಮುಕ್ತ ಸಿಮ್ಯುಲೇಟರ್. ವೆರಿಲೇಟರ್ ಎಂಬುದು ಇನ್ನೊಂದು. 1994ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಶನ್ ಸಂಸ್ಥೆಯಲ್ಲಿ ಆರಂಭಗೊಂಡು, ಮುಂದೆ ವಿಲ್ಸನ್ ಸ್ನೈಡರ್ ಅವರ ಆರೈಕೆಯಲ್ಲಿ ಬೆಳೆದ ಇದು ವೆರಿಲಾಗ್ ವಿನ್ಯಾಸವನ್ನು ಸಿ++ ಕ್ರಮವಿಧಿಯಾಗಿ ಪರಿವರ್ತಿಸಿ ಅತಿ ವೇಗವಾಗಿ ಓಡಿಸುತ್ತದೆ. ಇವುಗಳ ಮೇಲೆ ಕೂರುವ ಪರಿಶೀಲನಾ ಪದರವೇ ಕೊಕೊಟಿಬಿ. ಇದನ್ನು 2013ರಲ್ಲಿ ಪೊಟೆನ್ಶಿಯಲ್ ವೆಂಚರ್ಸ್ ಎಂಬ ಬ್ರಿಟನ್ನಿನ ಸಣ್ಣ ಸಂಸ್ಥೆಯು ಬಿಡುಗಡೆ ಮಾಡಿತು. 2018ರಿಂದ ಫಾಸಿ ಫೌಂಡೇಶನ್ ಎಂಬ ಮುಕ್ತ ಚಿಪ್ ಪ್ರತಿಷ್ಠಾನದ ಆಶ್ರಯದಲ್ಲಿದ್ದು, ಇದರ 2.0 ಆವೃತ್ತಿಯು 2025ರಲ್ಲಿ ಹೊರಬಂದಿದೆ. ವಿನ್ಯಾಸವು ವೆರಿಲಾಗ್‌ನಲ್ಲಿಯೇ ಇರುತ್ತದೆ. ಅದನ್ನು ಪರಿಶೀಲಿಸುವ ಟೆಸ್ಟ್‌ಬೆಂಚ್ ಮಾತ್ರ ಪೈಥಾನ್‌ನಲ್ಲಿರುತ್ತದೆ. ಪೈಥಾನ್ ಭಾಷೆಯನ್ನು ಶಾಲಾ ಮಕ್ಕಳೂ ಕಲಿಯುತ್ತಿರುವ ಈ ಕಾಲದಲ್ಲಿ ಇದರ ಅನುಕೂಲವನ್ನು ವಿವರಿಸಬೇಕಾಗಿಲ್ಲ.

ಒಂದು ಉದಾಹರಣೆ

ಆರ್.ಟಿ. ನಗರದಂತಹ ಬಡಾವಣೆಯಲ್ಲಿ ಮುಖ್ಯರಸ್ತೆಯನ್ನು ಅಡ್ಡರಸ್ತೆಯೊಂದು ಹಾಯುವ ಕಡೆ ಸಿಗ್ನಲ್ ದೀಪಗಳನ್ನು ನಿಯಂತ್ರಿಸುವ ಸಣ್ಣ ಚಿಪ್ ಒಂದನ್ನು ವಿದ್ಯಾರ್ಥಿಯೊಬ್ಬರು ವಿನ್ಯಾಸಗೊಳಿಸಿದ್ದಾರೆಂದು ಭಾವಿಸೋಣ. ಪಾದಚಾರಿಗಳು ಗುಂಡಿ ಒತ್ತಿದರೆ ಅವರ ಸರದಿ ಬರಬೇಕು. ಮುಖ್ಯರಸ್ತೆಗೆ ಹಸಿರು, ಅನಂತರ ಹಳದಿ, ಅನಂತರ ಎಲ್ಲ ಕಡೆ ಕೆಂಪು, ಆಮೇಲೆ ಅಡ್ಡರಸ್ತೆಗೆ ಹಸಿರು. ಇಷ್ಟು ನಿಯಮ.

ಪರಿಶೀಲಕರು ಮೊದಲು ಬರೆಯುವ ಷರತ್ತು ಸರಳವಾದುದು: ಗಡಿಯಾರದ ಯಾವ ಬಡಿತದಲ್ಲಿಯೂ ಎರಡೂ ರಸ್ತೆಗಳಿಗೆ ಏಕಕಾಲದಲ್ಲಿ ಹಸಿರು ಇರತಕ್ಕದ್ದಲ್ಲ. ಕೊಕೊಟಿಬಿಯಲ್ಲಿ ಇದನ್ನು ಪ್ರತಿ ಬಡಿತಕ್ಕಾಗಿ ಕಾದು ಕುಳಿತು ಎರಡು ದೀಪಗಳನ್ನು ನೋಡುವ ಒಂದು ಸಣ್ಣ ಕ್ರಮವಿಧಿಯಾಗಿ ಬರೆಯಲಾಗುತ್ತದೆ. ಅದರ ಪಕ್ಕದಲ್ಲಿಯೇ ಇನ್ನೊಂದು ಕ್ರಮವಿಧಿಯು ಗುಂಡಿಯನ್ನು ಒತ್ತುತ್ತಿರುತ್ತದೆ. ಎರಡೂ ಒಟ್ಟಿಗೆ ನಡೆಯುತ್ತವೆ. ಒಂದು ಇನ್ನೊಂದಕ್ಕಾಗಿ ನಿಲ್ಲುವುದಿಲ್ಲ. ಹೀಗೆ ಜೊತೆಜೊತೆಯಾಗಿ ನಡೆದು, ಕಾಯಬೇಕಾದಲ್ಲಿ ತಾನೇ ಕಾಯುವ ಕ್ರಮವಿಧಿಗಳಿಗೆ ಕೊರೂಟೀನ್ ಎಂದು ಹೆಸರು. ಕೊಕೊಟಿಬಿ ಎಂಬ ಹೆಸರಿನ ಮೊದಲ ಅಕ್ಷರಗಳು ಇದರಿಂದಲೇ ಬಂದಿವೆ.

ವಿದ್ಯಾರ್ಥಿಯು ತಾನೇ ಹತ್ತು ಬಾರಿ ಗುಂಡಿ ಒತ್ತಿ ನೋಡಿದಾಗ ಎಲ್ಲವೂ ಸರಿಯಾಗಿ ಕಾಣುತ್ತದೆ, ಏಕೆಂದರೆ ಮುಖ್ಯರಸ್ತೆಗೆ ಹಸಿರು ಇರುವಾಗ ಒತ್ತಬೇಕೆಂದೇ ಆತನ ಕಲ್ಪನೆ. ನಿಜವಾದ ರಸ್ತೆಯಲ್ಲಿ ಪಾದಚಾರಿಯು ಹಳದಿ ಇರುವಾಗಲೂ ಒತ್ತುತ್ತಾನೆ. ವಿನ್ಯಾಸದಲ್ಲಿ ಹಳದಿಯ ಹಂತದಲ್ಲಿ ಗುಂಡಿಯನ್ನು ನೋಡುವ ಸಾಲನ್ನೇ ಬರೆಯದಿದ್ದರೆ ಆ ಕೋರಿಕೆ ದಾಖಲಾಗದೆ ಹೋಗುತ್ತದೆ. ಗಮನಿಸಬೇಕಾದ ಅಂಶವೆಂದರೆ, ಎರಡು ಹಸಿರು ಒಟ್ಟಿಗೆ ಬರಬಾರದೆಂಬ ಮೊದಲ ಷರತ್ತು ಈಗಲೂ ಉಲ್ಲಂಘನೆಯಾಗುವುದಿಲ್ಲ. ಪರಿಶೀಲನೆಯು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ನೀಡುತ್ತದೆ. ಆದ್ದರಿಂದ ಒತ್ತಿದ ಪ್ರತಿ ಗುಂಡಿಗೂ ಇಂತಿಷ್ಟು ಬಡಿತಗಳೊಳಗೆ ಪಾದಚಾರಿ ದೀಪ ಬರತಕ್ಕದ್ದು ಎಂಬ ಎರಡನೆಯ ಷರತ್ತನ್ನು ಸೇರಿಸಬೇಕು, ಹಾಗೂ ಗುಂಡಿಯನ್ನು ಯಾದೃಚ್ಛಿಕ ಬಡಿತಗಳಲ್ಲಿ ಸಾವಿರಾರು ಬಾರಿ ಒತ್ತಬೇಕು. ಆಗ ದೋಷವು ಕೆಲವೇ ಸೆಕೆಂಡುಗಳಲ್ಲಿ ಹೊರಬೀಳುತ್ತದೆ.

ಎರಡನೆಯ ಷರತ್ತು ಹೊಳೆಯದೇ ಹೋದರೂ ಇನ್ನೊಂದು ರಕ್ಷಣೆಯಿದೆ. ಯಾವ ಹಂತದಲ್ಲಿ ಎಷ್ಟು ಬಾರಿ ಗುಂಡಿ ಒತ್ತಲಾಯಿತು ಎಂಬ ಪಟ್ಟಿಯನ್ನು ಟೆಸ್ಟ್‌ಬೆಂಚ್ ತಾನೇ ಇಡುತ್ತದೆ. ಇದಕ್ಕೆ ಕವರೇಜ್ ಎಂದು ಹೆಸರು. ವಿದ್ಯಾರ್ಥಿಯ ಹತ್ತು ಪ್ರಯತ್ನಗಳ ಪಟ್ಟಿಯಲ್ಲಿ ಹಳದಿಯ ಎದುರು ಸೊನ್ನೆ ಇರುತ್ತದೆ. ಆ ಸೊನ್ನೆಯೇ ಪ್ರಶ್ನೆ ಕೇಳುತ್ತದೆ. ಪೈಥಾನ್‌ನಲ್ಲಿ ಈ ಪಟ್ಟಿ ಇಡಲು ಹಾಗೂ ಷರತ್ತುಬದ್ಧ ಯಾದೃಚ್ಛಿಕ ಅಂಕಿಗಳನ್ನು ಪಡೆಯಲು ಪೈವಿಎಸ್‌ಸಿ ಮೊದಲಾದ ಮುಕ್ತ ಗ್ರಂಥಾಲಯಗಳು ಲಭ್ಯವಿವೆ.

ಪೆಂಟಿಯಂನಂತಹ ದೋಷಕ್ಕೆ ಇದೂ ಸಾಲದು. 900 ಕೋಟಿಯಲ್ಲಿ ಒಮ್ಮೆ ಬರುವ ತಪ್ಪನ್ನು ಯಾದೃಚ್ಛಿಕ ಅಂಕಿಗಳು ಹಿಡಿಯುವುದು ಅದೃಷ್ಟಕ್ಕೆ ಬಿಟ್ಟದ್ದು. ಅಂತಹ ಕಡೆ ಅಂಕಿಗಳನ್ನು ಓಡಿಸದೆ, ಷರತ್ತು ಎಂದಿಗೂ ಮುರಿಯುವುದಿಲ್ಲವೆಂದು ಗಣಿತದಿಂದ ಸಾಧಿಸುವ ಫಾರ್ಮಲ್ ಪದ್ಧತಿಯನ್ನು ಅನುಸರಿಸಲಾಗುತ್ತದೆ. ಮೇಲಿನ ಸಿಗ್ನಲ್ ಚಿಪ್‌ನಷ್ಟು ಗಾತ್ರದ ವಿನ್ಯಾಸಕ್ಕೆ ಸಿಂಬಿಯೋಸಿಸ್ ಎಂಬ ಮುಕ್ತ ತಂತ್ರಾಂಶವು ಇದನ್ನು ಮನೆಯ ಗಣಕಯಂತ್ರದಲ್ಲಿಯೇ ಮಾಡಿಕೊಡುತ್ತದೆ.

ಉತ್ತರ ಬೆಂಗಳೂರಿನ ಸಂದರ್ಭ

ಬೆಂಗಳೂರಿನಲ್ಲಿ ಚಿಪ್ ಕೆಲಸವೆಂದರೆ ಬಹುಮಟ್ಟಿಗೆ ವಿನ್ಯಾಸ ಮತ್ತು ಪರಿಶೀಲನೆಯ ಕೆಲಸ. ಅಚ್ಚು ಹಾಕುವ ಕಾರ್ಖಾನೆಗಳು ಬಹುಪಾಲು ಹೊರದೇಶಗಳಲ್ಲಿವೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ನಗರದಲ್ಲಿ ಕೇಂದ್ರವನ್ನು ತೆರೆದಾಗ ಅದರ ಉಪಗ್ರಹ ಸಂಪರ್ಕ ಸಲಕರಣೆಯನ್ನು ಎತ್ತಿನ ಗಾಡಿಯಲ್ಲಿ ಸಾಗಿಸಲಾಯಿತೆಂಬುದನ್ನು ಹಿರಿಯರು ಇಂದಿಗೂ ಸ್ಮರಿಸುತ್ತಾರೆ. 2008ರಲ್ಲಿ ಇಂಟೆಲ್ ಸಂಸ್ಥೆಯು ಬಿಡುಗಡೆ ಮಾಡಿದ ಆರು ಕೋರ್‌ಗಳ ಜಿಯಾನ್ 7400 ಪ್ರೊಸೆಸರ್ ಬೆಂಗಳೂರಿನಲ್ಲಿ ವಿನ್ಯಾಸಗೊಂಡಿತ್ತು.

ನಗರದ ಉತ್ತರ ಭಾಗಕ್ಕೆ ಈ ವಿಷಯದಲ್ಲಿ ಇನ್ನೂ ಹಳೆಯ ನಂಟಿದೆ. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1954ರಲ್ಲಿ ಸ್ಥಾಪನೆಯಾಯಿತು. ಯಶವಂತಪುರಕ್ಕೆ ಹೊಂದಿಕೊಂಡಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಸ್ವಿಟ್ಜರ್ಲೆಂಡ್ ಸಹಕಾರದೊಡನೆ ಎಲೆಕ್ಟ್ರಾನಿಕ್ಸ್ ವಿನ್ಯಾಸ ಕೇಂದ್ರವೊಂದು ಆರಂಭಗೊಂಡಿತು. ಚಿಪ್ ವಿನ್ಯಾಸದ ಮಾನವ ಸಂಪನ್ಮೂಲಕ್ಕಾಗಿ ಕೇಂದ್ರ ಸರ್ಕಾರವು 1998ರಲ್ಲಿ ಕೈಗೊಂಡ ವಿಶೇಷ ಕಾರ್ಯಕ್ರಮದಲ್ಲಿಯೂ ಸದರಿ ಸಂಸ್ಥೆಯು ಸಂಪನ್ಮೂಲ ಕೇಂದ್ರವಾಗಿತ್ತು. ಹೆಬ್ಬಾಳದ ಸಮೀಪ ನಾಗವಾರದ ಮಾನ್ಯತಾ ಟೆಕ್ ಪಾರ್ಕ್‌ನಲ್ಲಿ ಎನ್‌ಎಕ್ಸ್‌ಪಿ ಸೆಮಿಕಂಡಕ್ಟರ್ಸ್ ಸಂಸ್ಥೆಯ ಕೇಂದ್ರವಿದೆ. ಯಲಹಂಕದಿಂದ ಹೊರಟು ಬಸ್ಸಿನಲ್ಲಿ ಹೋಗಿಬರುವಷ್ಟು ದೂರದಲ್ಲಿಯೇ ಈ ಉದ್ಯೋಗಗಳಿವೆ. ವಿನ್ಯಾಸ ಪರಿಶೀಲನೆಗೆಂದೇ ಮೀಸಲಾದ ಡಿವಿಕಾನ್ ಇಂಡಿಯಾ ಸಮ್ಮೇಳನವು 2014ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಲ್ಲಿ ಎಲೆಕ್ಟ್ರಾನಿಕ್ಸ್ ಶಾಖೆಯ ಮೂರನೇ ಸೆಮಿಸ್ಟರ್‌ನಲ್ಲಿಯೇ ವೆರಿಲಾಗ್ ಬಳಸಿ ಡಿಜಿಟಲ್ ವ್ಯವಸ್ಥೆಗಳನ್ನು ವಿನ್ಯಾಸಗೊಳಿಸುವ ವಿಷಯವಿದೆ. ಅಂದರೆ ವಿನ್ಯಾಸದ ಭಾಷೆಯ ಪರಿಚಯ ವಿದ್ಯಾರ್ಥಿಗಿರುತ್ತದೆ. ತನ್ನ ವಿನ್ಯಾಸವನ್ನು ತಾನೇ ಅನುಮಾನಿಸುವ ಅಭ್ಯಾಸ ಇರುವುದಿಲ್ಲ. ಪರಿಶೀಲಕರ ಹುದ್ದೆಗೆ ಬೇಕಾಗಿರುವುದು ಅದೇ. ಪರಿಶೀಲನಾ ಉದ್ಯಮದ ಬಗ್ಗೆ 2024ರಲ್ಲಿ ನಡೆದ ವಿಲ್ಸನ್ ರಿಸರ್ಚ್ ಗ್ರೂಪ್ ಸಮೀಕ್ಷೆಯ ಪ್ರಕಾರ, ಮೊದಲ ಬಾರಿಗೇ ದೋಷವಿಲ್ಲದೆ ಬಂದ ಚಿಪ್‌ಗಳ ಪ್ರಮಾಣ ಶೇ. 14 ಮಾತ್ರ.

ನೆರೆಯ ತಮಿಳುನಾಡಿನ ಅನುಭವವೂ ಉಲ್ಲೇಖಾರ್ಹ. ಐ.ಐ.ಟಿ. ಮದರಾಸಿನ ಶಕ್ತಿ ಪ್ರೊಸೆಸರ್‌ಗಳನ್ನು ಬ್ಲೂಸ್ಪೆಕ್ ಎಂಬ ಭಾಷೆಯಲ್ಲಿ ಬರೆಯಲಾಗಿದ್ದು, ಆ ಭಾಷೆಯ ಕಂಪೈಲರ್ 2020ರಲ್ಲಿ ಮುಕ್ತವಾಯಿತು. ಶಕ್ತಿ ತಂಡದವರು ಕಟ್ಟಿದ ಇನ್‌ಕೋರ್ ಸಂಸ್ಥೆಯು ಪೈಥಾನ್‌ನಲ್ಲಿ ರೂಪಿಸಿದ ರಿಸ್ಕಾಫ್ ಎಂಬ ಪರಿಶೀಲನಾ ಚೌಕಟ್ಟನ್ನು ರಿಸ್ಕ್-ಫೈವ್ ಅಂತರರಾಷ್ಟ್ರೀಯ ಸಂಘಟನೆಯು ಅಂಗೀಕರಿಸಿದೆ. ಮುಕ್ತ ಭಾಷೆಯಲ್ಲಿ ಬರೆದ ಪರೀಕ್ಷೆಗಳು ಕೇವಲ ಕಲಿಕೆಯ ಆಟಿಕೆಗಳಲ್ಲ ಎಂಬುದಕ್ಕೆ ಇದು ಸಾಕು.

ಇತಿಮಿತಿಗಳು

ಮುಕ್ತ ತಂತ್ರಾಂಶಗಳು ಎಲ್ಲವನ್ನೂ ಮಾಡುತ್ತವೆ ಎಂದು ತಿಳಿಯತಕ್ಕದ್ದಲ್ಲ. ಇಕಾರಸ್ ವೆರಿಲಾಗ್ ಯು.ವಿ.ಎಂ. ಅನ್ನು ಓಡಿಸಲಾರದು. ವೆರಿಲೇಟರ್ ಮುಖ್ಯವಾಗಿ ಸೊನ್ನೆ ಮತ್ತು ಒಂದನ್ನು ಮಾತ್ರ ಬಲ್ಲದು. ಚಿಪ್‌ಗೆ ವಿದ್ಯುತ್ ಬಂದ ಕ್ಷಣದಲ್ಲಿ ಒಂದು ತಂತಿಯ ಮೌಲ್ಯ ಇನ್ನೂ ನಿರ್ಧಾರವಾಗಿಲ್ಲವೆಂಬುದನ್ನು ಅದು ಇಕಾರಸ್‌ನಂತೆ ತೋರಿಸುವುದಿಲ್ಲ. ಆದ್ದರಿಂದ ರೀಸೆಟ್ ಸಂಬಂಧಿತ ದೋಷಗಳನ್ನು ಇಕಾರಸ್‌ನಲ್ಲಿ, ದೀರ್ಘ ಓಟಗಳನ್ನು ವೆರಿಲೇಟರ್‌ನಲ್ಲಿ ನೋಡುವುದು ಸೂಕ್ತ. 2022ರ ಐದನೇ ಆವೃತ್ತಿಯಿಂದ ವೆರಿಲೇಟರ್‌ಗೆ ಕಾಲವಿಳಂಬಗಳ ಬೆಂಬಲ ಬಂದಿದ್ದು, ಯು.ವಿ.ಎಂ. ಬೆಂಬಲವನ್ನು ಹಂತಹಂತವಾಗಿ ಸೇರಿಸಲಾಗುತ್ತಿದೆ. ಉದ್ಯೋಗಾಕಾಂಕ್ಷಿಗಳು ಕೊಕೊಟಿಬಿಯಲ್ಲಿ ಪರಿಶೀಲನೆಯ ತತ್ವಗಳನ್ನು ಕಲಿತು, ಅನಂತರ ಸಿಸ್ಟಂವೆರಿಲಾಗ್ ಮತ್ತು ಯು.ವಿ.ಎಂ. ಅನ್ನು ಅವಶ್ಯವಾಗಿ ಅಭ್ಯಾಸ ಮಾಡತಕ್ಕದ್ದು. ತತ್ವ ತಿಳಿದವರಿಗೆ ಎರಡನೆಯದು ವ್ಯಾಕರಣದ ಬದಲಾವಣೆಯಷ್ಟೇ. ಬರೀ ವ್ಯಾಕರಣ ಬಾಯಿಪಾಠ ಮಾಡಿದವರಿಗೆ ಸಂದರ್ಶನದ ಎರಡನೇ ಪ್ರಶ್ನೆಯಲ್ಲಿಯೇ ತೊಡಕಾಗುತ್ತದೆ.

ವಾಣಿಜ್ಯ ಸಿಮ್ಯುಲೇಟರ್‌ಗಳ ಅಭ್ಯಾಸಕ್ಕೂ ಮಾರ್ಗವಿದೆ. ಕೇಂದ್ರ ಸರ್ಕಾರದ ಚಿಪ್ಸ್ ಟು ಸ್ಟಾರ್ಟ್‌ಅಪ್ ಕಾರ್ಯಕ್ರಮವು ಐದು ವರ್ಷಗಳಲ್ಲಿ 85,000 ಮಂದಿಗೆ ತರಬೇತಿ ನೀಡುವ ಗುರಿಯೊಂದಿಗೆ 2022ರಲ್ಲಿ ಆರಂಭಗೊಂಡಿದ್ದು, ಇದರಡಿ ಬೆಂಗಳೂರಿನ ಸಿ-ಡ್ಯಾಕ್‌ನಲ್ಲಿರುವ ಚಿಪ್‌ಇನ್ ಕೇಂದ್ರದ ಮೂಲಕ ಭಾಗವಹಿಸುವ ಶಿಕ್ಷಣ ಸಂಸ್ಥೆಗಳಿಗೆ ಈ ತಂತ್ರಾಂಶಗಳನ್ನು ಒದಗಿಸಲಾಗುತ್ತಿದೆ. ಈ ಸೌಲಭ್ಯವು ಸಂಸ್ಥೆಗಳಿಗೆ ಸಂಬಂಧಿಸಿದ್ದು, ಬಿಡಿ ವ್ಯಕ್ತಿಗಳಿಗಲ್ಲ. ತಮ್ಮ ಕಾಲೇಜು ಇದರಲ್ಲಿ ಸೇರಿದೆಯೇ ಎಂದು ವಿದ್ಯಾರ್ಥಿಗಳು ವಿಭಾಗದ ಮುಖ್ಯಸ್ಥರಲ್ಲಿ ವಿಚಾರಿಸಬಹುದು.

ವಿದ್ಯಾರ್ಥಿಗಳು ಮತ್ತು ಪೋಷಕರ ಗಮನಕ್ಕೆ

ಉಬುಂಟು ಲಿನಕ್ಸ್ ಇರುವ ಸಾಧಾರಣ ಗಣಕಯಂತ್ರದಲ್ಲಿ ಇಕಾರಸ್ ವೆರಿಲಾಗ್, ವೆರಿಲೇಟರ್ ಹಾಗೂ ಅಲೆಗಳ ಚಿತ್ರವನ್ನು ತೋರಿಸುವ ಜಿಟಿಕೆವೇವ್ ತಂತ್ರಾಂಶಗಳನ್ನು ಅದರದೇ ಭಂಡಾರದಿಂದ ಸ್ಥಾಪಿಸಿಕೊಳ್ಳಬಹುದು. ಕೊಕೊಟಿಬಿಯನ್ನು ಪೈಥಾನ್‌ನ ಪಿಪ್ ಮೂಲಕ ಪಡೆಯಬಹುದು. ಭಂಡಾರದಲ್ಲಿರುವ ವೆರಿಲೇಟರ್ ಹಳೆಯದಾಗಿದ್ದು ಕೊಕೊಟಿಬಿಯೊಡನೆ ಹೊಂದಿಕೊಳ್ಳದಿದ್ದಲ್ಲಿ ಮೊದಲು ಇಕಾರಸ್‌ನಲ್ಲಿಯೇ ಅಭ್ಯಾಸ ಆರಂಭಿಸುವುದು ಒಳಿತು. ಆರಂಭದ ಅಭ್ಯಾಸಕ್ಕೆ ಕೂಡುವ ಮಂಡಲ, ಅನಂತರ ಮೇಲೆ ವಿವರಿಸಿದ ಸಿಗ್ನಲ್ ನಿಯಂತ್ರಕ, ಆ ಬಳಿಕ ಸಾಲಿನಲ್ಲಿ ಬಂದದ್ದನ್ನು ಅದೇ ಸಾಲಿನಲ್ಲಿ ಹೊರಗೆ ಕೊಡುವ ಫೈಫೋ ಎಂಬ ಮಂಡಲವನ್ನು ಆಯ್ದುಕೊಳ್ಳಬಹುದು. ವಿನ್ಯಾಸವನ್ನು ಒಬ್ಬರು, ಟೆಸ್ಟ್‌ಬೆಂಚ್ ಅನ್ನು ಸಹಪಾಠಿಯೊಬ್ಬರು ಬರೆಯುವುದು ಸೂಕ್ತ. ವಿನ್ಯಾಸದಲ್ಲಿ ಬೇಕೆಂದೇ ಒಂದು ತಪ್ಪನ್ನು ಅಡಗಿಸಿಟ್ಟು, ಸಹಪಾಠಿಯ ಪರೀಕ್ಷೆ ಅದನ್ನು ಹಿಡಿಯುತ್ತದೆಯೇ ಎಂದು ನೋಡಬಹುದು.

ಖಾಸಗಿ ತರಬೇತಿ ಸಂಸ್ಥೆಗೆ ಸೇರಲೇಬೇಕೆಂದು ನಿರ್ಧರಿಸಿದವರು ಶುಲ್ಕ ಪಾವತಿಸುವ ಮೊದಲು ಕೆಲವು ಅಂಶಗಳನ್ನು ಲಿಖಿತವಾಗಿ ಪಡೆಯುವುದು ಸೂಕ್ತ: ಸಿಮ್ಯುಲೇಟರ್ ಪರವಾನಗಿ ಸಂಸ್ಥೆಯ ಹೆಸರಿನಲ್ಲಿದೆಯೇ, ಪ್ರತಿ ಅಭ್ಯರ್ಥಿಗೆ ವಾರಕ್ಕೆ ಎಷ್ಟು ಗಂಟೆ ದೊರೆಯುತ್ತದೆ, ತರಬೇತಿಯನ್ನು ಮಧ್ಯದಲ್ಲಿ ಬಿಟ್ಟಲ್ಲಿ ಶುಲ್ಕ ಮರುಪಾವತಿಯ ನಿಯಮವೇನು. ಉದ್ಯೋಗ ಖಾತರಿ ಎಂಬ ಬಾಯಿಮಾತಿಗೆ ರಶೀದಿಯ ಬೆಲೆಯಿಲ್ಲ. ಮೂಲ ದಾಖಲೆಗಳನ್ನು, ವಿಶೇಷವಾಗಿ ಅಂಕಪಟ್ಟಿಗಳನ್ನು, ಯಾವುದೇ ಕಾರಣಕ್ಕೂ ಒತ್ತೆಯಾಗಿ ನೀಡತಕ್ಕದ್ದಲ್ಲ. ಈ ಪುಟದಲ್ಲಿ ಹೆಸರಿಸಿರುವ ಇಕಾರಸ್ ವೆರಿಲಾಗ್, ವೆರಿಲೇಟರ್, ಜಿಟಿಕೆವೇವ್, ಸಿಂಬಿಯೋಸಿಸ್ ಮತ್ತು ಕೊಕೊಟಿಬಿ ತಂತ್ರಾಂಶಗಳ ಬಳಕೆಗಾಗಿ ಯಾರಿಗೂ ಪರವಾನಗಿ ಶುಲ್ಕ ಪಾವತಿಸಬೇಕಾಗಿಲ್ಲ.